ಮೊಬೈಲ್ ನಂಬರ್ ಚೆಕ್ ಮೂರು ಕಡೆ ಯಾಕೆ?

ಪ್ರಶ್ನೆ: ಇಲ್ಲಿನ ಮೆಣಸಿನಕಾಯಿ ಮಾರುಕಟ್ಟೆಯ ದಲಾಲಿ ಅಂಗಡಿಯೊಂದಕ್ಕೆ ಜಾವಾದಲ್ಲಿ ಸಾಫ್ಟ್‌ವೇರ್ ಬರೆಯುತ್ತಿದ್ದೇನೆ. ರೈತ, ಖರೀದಿದಾರ, ಲಾರಿ ಚಾಲಕ ಅಂತ ಮೂರು ಕ್ಲಾಸ್ (ಒಂದೊಂದು ಬಗೆಯ ಮಾಹಿತಿ ಮತ್ತು ಅದರ ಕೋಡ್ ಇರುವ ಘಟಕ). ಮೂರರಲ್ಲೂ ಮೊಬೈಲ್ ನಂಬರ್ ಪರೀಕ್ಷಿಸುವ ಅದೇ ಕೋಡ್ ಇದೆ. ಅದನ್ನೆಲ್ಲ ಮೂರಕ್ಕೂ ಮೂಲವಾಗುವ ಒಂದು ಬೇಸ್ ಕ್ಲಾಸಿಗೆ ಹಾಕಿಬಿಡಲೇ?
– ಓದುಗರು, ಬ್ಯಾಡಗಿ

ಉತ್ತರ: ಬೇಡ. ಇವತ್ತು ಮೊಬೈಲ್ ನಂಬರ್, ನಾಳೆ ಬ್ಯಾಂಕ್ ಶಾಖೆಯ ಐಎಫ್ಎಸ್‌ಸಿ ಕೋಡ್ ಬರುತ್ತದೆ. ಅದು ರೈತನಿಗೆ ಬೇಕು, ಚಾಲಕನಿಗೆ ಬೇಡ. ಹೀಗೇ ತುಂಬುತ್ತಾ ಹೋದರೆ ಬೇಸ್ ಕ್ಲಾಸಿನಲ್ಲಿ ಯಾರಿಗೆ ಯಾವುದು ಅಂತ ಗೊತ್ತಾಗುವುದಿಲ್ಲ. ಜಾವಾದಲ್ಲಿ ಒಂದು ಕ್ಲಾಸಿಗೆ ಒಂದೇ ಬೇಸ್ ಕ್ಲಾಸ್ ಬೇರೆ, ಅದನ್ನು ಸುಮ್ನೆ ಇದಕ್ಕೆ ಖರ್ಚು ಮಾಡಬೇಡಿ.

ನಿಯಮವನ್ನೇ ಒಂದು ಆಬ್ಜೆಕ್ಟ್ ಮಾಡಿ. ‘ನಿಯಮ’ ಅಂತ, ಏನು ಮಾಡಬೇಕೆಂದಷ್ಟೇ ಹೇಳುವ ಒಂದು ಇಂಟರ್‌ಫೇಸ್, ಅದರಲ್ಲಿ ಒಂದೇ ಮೆಥಡ್: ಪರೀಕ್ಷಿಸಬೇಕಾದ ಮಾಹಿತಿಯನ್ನು ತೆಗೆದುಕೊಂಡು ತಪ್ಪುಗಳ ಪಟ್ಟಿ ಕೊಡಬೇಕು, ತಪ್ಪಿಲ್ಲದಿದ್ದರೆ ಖಾಲಿ ಪಟ್ಟಿ. ‘ಖಾಲಿ ಇರಬಾರದು’ ಒಂದು ಕ್ಲಾಸ್, ‘ಇಷ್ಟೇ ಉದ್ದ’ ಇನ್ನೊಂದು. ಉದ್ದವನ್ನು, ಆಬ್ಜೆಕ್ಟ್ ತಯಾರಾಗುವಾಗಲೇ ಓಡುವ ಕನ್‌ಸ್ಟ್ರಕ್ಟರ್‌ನಲ್ಲಿ ಕೊಡಿ: ಮೊಬೈಲಿಗೆ 10, ಪಿನ್ ಕೋಡಿಗೆ 6, ಐಎಫ್ಎಸ್‌ಸಿಗೆ 11. ಆಮೇಲೆ ‘ಎಲ್ಲವೂ’ ಅಂತ ಒಂದು ಕ್ಲಾಸ್ ಬರೆಯಿರಿ. ಅದು ಹಲವು ನಿಯಮಗಳನ್ನು ಒಳಗೆ ಇಟ್ಟುಕೊಳ್ಳುತ್ತದೆ, ತಾನೂ ಒಂದು ನಿಯಮವೇ. ಖಾಲಿ ಇಲ್ಲ, 10 ಅಂಕಿ, ಮೊದಲ ಅಂಕಿ 6ರಿಂದ 9ರೊಳಗೆ – ಈ ಮೂರನ್ನು ಅದರಲ್ಲಿ ಸೇರಿಸಿದರೆ ಮೊಬೈಲ್ ನಿಯಮ ತಯಾರು. ಮೂರೂ ಕ್ಲಾಸಿಗೆ ಅದನ್ನೇ ಕೊಡಿ.

ನಮ್ಮ ಕಡೆ ಜಾಸ್ತಿ ಕಾಡುವುದು ಕನ್ನಡ ಅಂಕಿ. ಯಾರಾದರೂ ಕನ್ನಡ ಕೀಬೋರ್ಡಿನಲ್ಲಿ ೯೮ ಅಂತ ಒತ್ತಿದರೆ ಜಾವಾದ ಈಸ್‌ಡಿಜಿಟ್ ಮೆಥಡ್ ಅದನ್ನು ಅಂಕಿ ಅನ್ನುತ್ತದೆ, ಆದರೆ ಅಕ್ಷರಗಳ ಮಾದರಿ ಹೊಂದಿಸಿ ನೋಡುವ ರೆಗ್ಯುಲರ್ ಎಕ್ಸ್‌ಪ್ರೆಶನ್ನಿನ ಅಂಕಿ ಚಿಹ್ನೆ (\d) ಅದನ್ನು ಒಪ್ಪುವುದಿಲ್ಲ, ಅದಕ್ಕೆ ನೀವೇ ಬೇರೆ ಸೂಚನೆ ಕೊಡದ ಹೊರತು. ಒಂದು ನಿಯಮದಲ್ಲಿ ಪಾಸು, ಇನ್ನೊಂದರಲ್ಲಿ ಫೇಲು! ಹಾಗಾಗಿ ಮೊದಲು ಶುಚಿ ಮಾಡಿ: ನಡುವಿನ ಖಾಲಿ ಜಾಗ ತೆಗೆಯಿರಿ, +91 ಕತ್ತರಿಸಿ, ಕನ್ನಡ ಅಂಕಿಯನ್ನು 0–9ಕ್ಕೆ ಬದಲಿಸಿ. ಇದನ್ನು ನಿಯಮದೊಳಗೆ ತುರುಕಬೇಡಿ, ಬೇರೆ ಇಡಿ.

ಗಾಡಿ ನಂಬರಿಗೆ ತೀರಾ ಬಿಗಿ ನಿಯಮ ಬೇಡ. ಸುತ್ತಲಿನ ಜಿಲ್ಲೆಗಳ ಕೆಎ 25, 26, 27 ಮಾತ್ರ ಅಂತ ಬರೆದರೆ ಹುಬ್ಬಳ್ಳಿಯ ಕೆಎ 63 ಲಾರಿಯೇ ಹೊರಗೆ ನಿಲ್ಲುತ್ತದೆ, ಇನ್ನು ಆಂಧ್ರದಿಂದ ಬಂದ ಲಾರಿ ಕೇಳಬೇಕೇ?

ತೂಕದ ಚೀಟಿ ಬೇರೆ ವಿಷಯ. ತುಂಬಿದ ಲಾರಿಯ ತೂಕ ಖಾಲಿ ಲಾರಿಗಿಂತ ಜಾಸ್ತಿ ಇದೆಯಾ ಅಂತ ನೋಡಲು ಎರಡೂ ತೂಕ ಒಟ್ಟಿಗೆ ಬೇಕು. ಆ ನಿಯಮಕ್ಕೆ ಇಡೀ ಚೀಟಿಯ ಆಬ್ಜೆಕ್ಟನ್ನೇ ಕೊಡಿ. ಇಂಟರ್‌ಫೇಸನ್ನು ಜೆನೆರಿಕ್ (ಯಾವ ಬಗೆಯ ಮಾಹಿತಿಗೂ ಹೊಂದುವಂತೆ) ಮಾಡಿಟ್ಟರೆ ಇದೂ ಅದರಲ್ಲೇ ಕೂರುತ್ತದೆ.