ಮನೆಯ ಚೀಲದ ಜೋಳ

ಕಚೇರಿ ಕೆಲಸದ ಜೊತೆ ಸಂಜೆ ಜೋಳದ ರೊಟ್ಟಿ ಮಾಡಿ ಮಾರುವ, ಸಾಲದ ಬಗ್ಗೆ ಸಲಹೆ ಕೇಳಿ ನನ್ನ ಬಳಿ ಬಂದ ಧಾರವಾಡ ಕಡೆಯ ಮಹಿಳೆಯೊಬ್ಬರ ಪ್ರಕರಣ ಇದು. ಗುರುತು ಸಿಗದಂತೆ ವಿವರ ಬದಲಿಸಿದೆ. ತಿಂಗಳಿಗೆ ಒಂದಾದರೂ ಇಂಥದ್ದು ಬರುತ್ತದೆ, ರೊಟ್ಟಿಯ ಜಾಗದಲ್ಲಿ ಕೆಲವೊಮ್ಮೆ ಹೊಲಿಗೆ, ಕೆಲವೊಮ್ಮೆ ಕೇಕು.

ಅವರು ತಂದಿದ್ದು 12 ಪುಟದ ಯೋಜನೆ. ಐದು ವರ್ಷದ ಲಾಭದ ಪಟ್ಟಿ, ಬಣ್ಣದ ನಕ್ಷೆ ಎಲ್ಲ ಇತ್ತು. ರೊಟ್ಟಿ ಯಂತ್ರಕ್ಕೆ ಒಂದೂವರೆ ಲಕ್ಷ ಸಾಲ ಬೇಕಿತ್ತು. ಖಾನಾವಳಿಯವರೊಬ್ಬರು ದಿನಕ್ಕೆ 100 ರೊಟ್ಟಿ ಕೇಳಿದ್ದರು.

"ತಾಸಿಗೆ ಎಷ್ಟು ಬಡೀತೀರಿ?"

"ಇಪ್ಪತ್ತೈದು ಆಗ್ತಾವ್ರಿ."

"ಜೋಳ ಎಲ್ಲಿ ತಗೋತೀರಿ, ಕಿಲೋಕ್ಕ ಎಷ್ಟು ಬೀಳತೈತಿ?"

"ಅದನ್ನ ಬ್ಯಾರೆ ತರೂದಿಲ್ರಿ ಸರ್. ಮನೀ ಚೀಲದಾಗಿಂದನ ತಗೋತೀನಿ."

ಆ 12 ಪುಟಗಳು ಅಲ್ಲಿಗೇ ಮುಗಿದವು. ಗ್ಯಾಸೂ ಮನೆಯದೇ, ಪೆಟ್ರೋಲು ಗಂಡನ ಗಾಡಿಯದು. ಏಳು ರೂಪಾಯಿಗೆ ಮಾರಿದ ರೊಟ್ಟಿಯಲ್ಲಿ ಏಳೂ ಲಾಭ ಅಂತ ಕಂಡಿತ್ತು. ಅಸಲು ಹೋಗುತ್ತಿದ್ದದ್ದು ಪಗಾರದಿಂದ.

ಒಂದು ಹಾಳೆ ಕೊಟ್ಟು, ಅವರ ಕೈಯಲ್ಲೇ ಬರೆಸಿದೆ. ಕಿಲೋ ಜೋಳಕ್ಕೆ 50 ರೂಪಾಯಿ, ಬೀಸಲು ಗಿರಣಿಗೆ 5, ಕಿಲೋಕ್ಕೆ 20 ರೊಟ್ಟಿ. ಅಂದರೆ ಒಂದಕ್ಕೆ 2.75. ಗ್ಯಾಸು 1 ರೂಪಾಯಿ. ಇದನ್ನು 19 ಕಿಲೋ ಸಿಲಿಂಡರಿನ ದರದಲ್ಲೇ ಹಿಡಿಯಬೇಕು, 14.2 ಕಿಲೋದ ಮನೆಯ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವ ಹಾಗಿಲ್ಲ. ಕವರು, ಪೆಟ್ರೋಲು 50 ಪೈಸೆ. ಮುರಿದದ್ದು, ಸೀದದ್ದು 25 ಪೈಸೆ. ಒಟ್ಟು 4.50, ಉಳಿಯುವುದು 2.50. ಸಂಜೆ ಎರಡು ತಾಸಿಗೆ 50 ರೊಟ್ಟಿ, 25 ದಿನಕ್ಕೆ 3,125 ರೂಪಾಯಿ. ಅವರ ಕೂಲಿಯೂ ಅದರೊಳಗೇ. ಸಾಲದ ಕಂತೋ, ಶೇ 11ರಂತೆ ಮೂರು ವರ್ಷಕ್ಕೆ, ತಿಂಗಳಿಗೆ 4,900ರ ಆಸುಪಾಸು.

ಯಂತ್ರ ಬಂದರೆ 100 ಆಗುತ್ತದಲ್ಲ ಅಂದರು. ಆಗಲಿ, 6,250 ಬರುತ್ತದೆ. ಕಂತು ಕಳೆದರೆ 1,350. ಕರೆಂಟು, ರಿಪೇರಿ ಅದರಲ್ಲೇ ಆಗಬೇಕು. ಖಾನಾವಳಿ ಎಂಟು ದಿನ ಬಾಗಿಲು ಹಾಕಿದರೆ 2,000 ಹೋಯಿತು. ಮೇಲಾಗಿ ಖಾನಾವಳಿಯವರು ದುಡ್ಡು ಕೊಡುವುದು ತಿಂಗಳ ಕೊನೆಗೆ. ಅಲ್ಲಿಯವರೆಗೆ 2,500 ರೊಟ್ಟಿಯ ಅಸಲು, 11,250 ರೂಪಾಯಿ, ಕೈಯಿಂದ ಹಾಕಬೇಕು. ಇದು ಅವರ ಯೋಜನೆಯ ಯಾವ ಪುಟದಲ್ಲೂ ಇರಲಿಲ್ಲ.

ಸಾಲ ಬೇಡ ಅಂದರೆ ಹುರುಪು ಕೊಲ್ಲುತ್ತೀರಿ ಎನ್ನುವವರಿದ್ದಾರೆ. ಸಬ್ಸಿಡಿ ಇದೆಯಲ್ಲ ಅಂತಲೂ ಕೇಳುತ್ತಾರೆ. ಕಿರು ಆಹಾರ ಉದ್ದಿಮೆಗಳಿಗೆಂದು ಕೇಂದ್ರ ಸರ್ಕಾರ ತಂದ ಪಿಎಂಎಫ್‌ಎಂಇ ಯೋಜನೆಯ ಶೇ 35 ಸಬ್ಸಿಡಿ ಕೈಗೆ ಬರುವ ದುಡ್ಡಲ್ಲ. ಅದು ಬ್ಯಾಂಕಿನಲ್ಲಿ ಕೂತು, ಕಂತು ಸರಿಯಾಗಿ ಕಟ್ಟಿದವರಿಗೆ ಮೂರು ವರ್ಷದ ಮೇಲೆ ಸಾಲಕ್ಕೆ ಜಮೆಯಾಗುವಂಥದ್ದು. ಹುರುಪು ಕಂತು ಕಟ್ಟುವುದಿಲ್ಲ, ನಾನೇನು ಮಾಡಲಿ?

ಕೊಟ್ಟ ಸಲಹೆ: ವ್ಯಾಪಾರಕ್ಕೆ ಬೇರೆ ಚೀಲ, ಬೇರೆ ನೋಟುಬುಕ್ಕು. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ. ಖಾನಾವಳಿಗೆ ಸದ್ಯ ಇಲ್ಲ ಅನ್ನುವುದು. ಭಾನುವಾರ ಕಟಕ ರೊಟ್ಟಿ, ಅಂದರೆ ಒಣಗಿಸಿದ ಗರಿಗರಿ ರೊಟ್ಟಿ ಮಾಡಿ, ಪರಿಚಯದ ಮನೆಗಳಿಗೆ 10 ರೂಪಾಯಿಯಂತೆ ನಗದಿಗೆ ಕೊಡುವುದು. ಅವು ವಾರಗಟ್ಟಲೆ ಇರುವುದರಿಂದ ದಿನಾ ಓಡಾಟ ತಪ್ಪುತ್ತದೆ. ತಿಂಗಳು ಬರೆದು ಬನ್ನಿ, ಯಂತ್ರದ ಮಾತು ಆಮೇಲೆ.

ಬರೆದು ತಂದರು. ಮೂರನೇ ಭಾನುವಾರದ ಎದುರು "ಒಡದದ್ದು 14" ಅಂತಿತ್ತು, ಉಳಿದ ವಾರ ಎರಡೋ ಮೂರೋ. ಹಿಟ್ಟು ಯಾವಾಗ ಬೀಸಿದ್ದು ಅಂತ ಕೇಳಿದೆ. ಹತ್ತು ಕಿಲೋ ಒಮ್ಮೆಲೇ ಬೀಸಿಸಿ ಇಟ್ಟಿದ್ದರು. ಹಳೆಯ ಹಿಟ್ಟಿಗೆ ಜಿಗುಟು ಇರುವುದಿಲ್ಲ, ಎಷ್ಟು ಎಸರು ಹಾಕಿ ನಾದಿದರೂ ಅಂಚು ಬಿರಿಯುತ್ತದೆ. ಈಗ ಗಿರಣಿಗೆ ಶನಿವಾರ ಹೋಗುತ್ತಾರೆ, ಆ ವಾರಕ್ಕೆ ಬೇಕಾದಷ್ಟೇ ಜೋಳ ಹಿಡಿದು.