ಎಣ್ಣೆ ಮುಗಿದರೆ ದುಬೈ ಮುಗಿಯುತ್ತಾ?

ದುಬೈನಲ್ಲಿ ಕೆಲಸ ಸಿಕ್ಕಿದೆ, ಆದರೆ "ಎಣ್ಣೆ ಖಾಲಿಯಾದರೆ ಊರೇ ಖಾಲಿ" ಅಂತ ಮನೆಯಲ್ಲಿ ಹೆದರಿಸುತ್ತಿದ್ದಾರೆ, ಬರಬಹುದಾ ಅಂತ ಕೇಳಿದ್ದೀರಿ. ನಾನು ಇಲ್ಲಿ ನೆಲೆ ನಿಂತು ಬಹಳ ವರ್ಷವಾಯಿತು. ಧೈರ್ಯವಾಗಿ ಬನ್ನಿ. ಹುಷಾರಾಗಿರಬೇಕಾದ ವಿಷಯ ಒಂದಿದೆ, ಆದರೆ ಅದು ಎಣ್ಣೆಯದ್ದಲ್ಲ.

ದುಬೈಗೆ ಎಣ್ಣೆ ಸಿಕ್ಕಿದ್ದು 1966ರಲ್ಲಿ. ಇದೇ ಯುಎಇ ದೇಶದ ಇನ್ನೊಂದು ಸಂಸ್ಥಾನವಾದ ಅಬುಧಾಬಿಯ ಪಾಲಿಗೆ ಹೋಲಿಸಿದರೆ ಅದು ತೀರಾ ಕಡಿಮೆ. 1991ರ ಹೊತ್ತಿಗೇ ಉತ್ಪಾದನೆ ಏರಿ, ಆಮೇಲೆ ಇಳಿಯುತ್ತಾ ಬಂತು. ನೀವು ಫೋಟೋದಲ್ಲಿ ನೋಡುವ ಎತ್ತರದ ಕಟ್ಟಡಗಳಲ್ಲಿ ಹೆಚ್ಚಿನವು ಎದ್ದಿದ್ದು ಅದಾದ ಮೇಲೆಯೇ.

ಈ ಊರನ್ನು ಬೆಳೆಸಿದ್ದು ವ್ಯಾಪಾರ. 1894ರಲ್ಲೇ ಆಗಿನ ದೊರೆ ಶೇಖ್ ಮಕ್ತೂಮ್ ಬಿನ್ ಹಶರ್ ಹೊರಗಿನ ವ್ಯಾಪಾರಿಗಳಿಗೆ ತೆರಿಗೆ ಮಾಫಿ ಮಾಡಿದರು. ಕೆಲವೇ ವರ್ಷಗಳಲ್ಲಿ ಎದುರು ದಡದ ಇರಾನಿನ ಲಿಂಗೆ ಬಂದರಿನಲ್ಲಿ ಸುಂಕ ಜಾಸ್ತಿಯಾಯಿತು. ಅಲ್ಲಿನ ವರ್ತಕರು ಗಂಟುಮೂಟೆ ಕಟ್ಟಿಕೊಂಡು ಇಲ್ಲಿಗೆ ಬಂದರು. ಅವರ ಹಳೇ ಮನೆಗಳು ಇಲ್ಲಿನ ಅಲ್ ಫಹೀದಿ ಬಡಾವಣೆಯಲ್ಲಿ ಇವತ್ತಿಗೂ ಇವೆ. ಇನ್ನೊಂದು ಆಧಾರವಾಗಿದ್ದ ಮುತ್ತಿನ ಕಸುಬು 1930ರ ದಶಕದಲ್ಲಿ ನೆಲಕಚ್ಚಿತು. ಜಪಾನಿನ ಸಾಕಿದ ಮುತ್ತು ಮಾರುಕಟ್ಟೆಗೆ ಬಂದಿತ್ತು, ಜಗತ್ತೆಲ್ಲಾ ಆರ್ಥಿಕ ಕುಸಿತ ಬೇರೆ.

ನನಗೆ ತುಂಬಾ ಇಷ್ಟವಾಗುವುದು ಕ್ರೀಕಿನ ಕಥೆ. ಊರ ನಡುವೆ ನುಗ್ಗಿರುವ ಈ ಕಡಲ ಕೊಲ್ಲಿಯಲ್ಲಿ ಹೂಳು ತುಂಬಿ, ದೊಡ್ಡ ಹಡಗುಗಳು ಒಳಗೆ ಬರಲಾಗದೆ ದೂರದಲ್ಲೇ ನಿಲ್ಲುತ್ತಿದ್ದವು. 1958ರಲ್ಲಿ ಆಳ್ವಿಕೆಗೆ ಬಂದ ಶೇಖ್ ರಶೀದ್ ಕುವೈತಿನಿಂದ ಸಾಲ ತಂದು ಹೂಳೆತ್ತಿಸಿದರು. ಎಣ್ಣೆಯ ಸುಳಿವೇ ಇಲ್ಲದ ಕಾಲ ಅದು! ದುಡಿಮೆ ಬರುವ ಮೊದಲೇ ಇಂಥ ಸಾಲಕ್ಕೆ ಕೈ ಹಾಕಲು ಎಂಥ ಎದೆಗಾರಿಕೆ ಬೇಕು, ಅಲ್ವಾ? ಆಗ ಇಲ್ಲಿ ಚಲಾವಣೆಯಲ್ಲಿದ್ದದ್ದು ನಮ್ಮ ರಿಸರ್ವ್ ಬ್ಯಾಂಕ್ ಹೊರಡಿಸಿದ ಗಲ್ಫ್ ರೂಪಾಯಿ. 1966ರಲ್ಲಿ ರೂಪಾಯಿ ಬೆಲೆ ಇಳಿಸಿದ ಮೇಲೆ ಇವರು ಅದನ್ನು ಬಿಟ್ಟರು.

ಎಣ್ಣೆಯ ದುಡ್ಡು ಬಂದಾಗಲೂ ಅದು ಬಂದರುಗಳಿಗೇ ಹೋಯಿತು. 1972ಕ್ಕೆ ಪೋರ್ಟ್ ರಶೀದ್, 1979ಕ್ಕೆ ಜೆಬೆಲ್ ಅಲಿ. 1985ರಲ್ಲಿ ಜೆಬೆಲ್ ಅಲಿಯಲ್ಲಿ ಫ್ರೀ ಝೋನ್ ಮಾಡಿ, ವಿದೇಶಿಯರೇ ಪೂರ್ತಿ ಕಂಪನಿಯ ಒಡೆಯರಾಗಬಹುದು ಅಂದರು. ಅದೇ ವರ್ಷ ಪಾಕಿಸ್ತಾನದ ವಿಮಾನ ಸಂಸ್ಥೆಯಿಂದ ಬಾಡಿಗೆಗೆ ತಂದ ಎರಡು ವಿಮಾನಗಳೊಂದಿಗೆ ಎಮಿರೇಟ್ಸ್ ಶುರುವಾಯಿತು.

ಬಂದ ಮೇಲೆ ಒಂದು ಸಂಜೆ ಕ್ರೀಕಿನ ಈ ದಡದ ಬರ್ ದುಬೈನಿಂದ ಆ ದಡದ ದೇರಾಕ್ಕೆ ಅಬ್ರಾ ದೋಣಿಯಲ್ಲಿ ದಾಟಿ, ಒಂದೇ ದಿರ್ಹಮ್. ದೇರಾ ದಡದಲ್ಲಿ ಮರದ ಹಡಗುಗಳು ಸಾಲಾಗಿ ನಿಂತಿರುತ್ತವೆ. ಫ್ರಿಜ್, ಟಯರು, ರಟ್ಟಿನ ಪೆಟ್ಟಿಗೆಗಳು ದಡದ ಮೇಲೇ ರಾಶಿ ಬಿದ್ದಿರುತ್ತವೆ, ಇರಾನಿಗೋ ಸೊಮಾಲಿಯಾಕ್ಕೋ ಹೋಗುವ ಸರಕು. ಈ ಊರು ಹೇಗೆ ಬದುಕುತ್ತದೆ ಅಂತ ಅಲ್ಲಿ ನಿಂತರೆ ಗೊತ್ತಾಗುತ್ತದೆ.

ಈಗ ಹುಷಾರಿನ ಮಾತು. ಸಾಲ ಮಾಡಿ ಬೆಳೆಯುವ ಊರಿಗೆ ಸಾಲವೇ ಕುತ್ತಿಗೆಗೆ ಬರುವುದೂ ಉಂಟು. 2002ರಲ್ಲಿ ವಿದೇಶಿಯರಿಗೂ ಮನೆ ಕೊಳ್ಳಲು ಬಿಟ್ಟ ಮೇಲೆ ಕಟ್ಟಡದ ಭರಾಟೆ ಮಿತಿಮೀರಿತು. 2009ರ ನವೆಂಬರಿನಲ್ಲಿ ಸರ್ಕಾರದ್ದೇ ಆದ ದುಬೈ ವರ್ಲ್ಡ್ ಕಂಪನಿ ಸಾಲ ತೀರಿಸಲು ಕಾಲಾವಕಾಶ ಕೇಳಿತು. ಡಿಸೆಂಬರಿನಲ್ಲಿ ಅಬುಧಾಬಿ 1000 ಕೋಟಿ ಡಾಲರ್ ಕೊಟ್ಟು ಕೈಹಿಡಿಯಿತು. ಮರು ತಿಂಗಳೇ, 2010ರ ಜನವರಿಯಲ್ಲಿ, ಉದ್ಘಾಟನೆಯಾದ ಬುರ್ಜ್ ದುಬೈ ಗೋಪುರಕ್ಕೆ ಆಗಿನ ಅಬುಧಾಬಿ ದೊರೆಯ ಹೆಸರಿಟ್ಟು ಬುರ್ಜ್ ಖಲೀಫಾ ಮಾಡಿದರು. ಆ ದಿನಗಳಲ್ಲಿ ನಮ್ಮ ಕಟ್ಟಡದಲ್ಲೇ ಎಷ್ಟೋ ಸಂಸಾರಗಳು ಮಕ್ಕಳನ್ನು ಶಾಲೆಯಿಂದ ನಡುವರ್ಷದಲ್ಲಿ ಬಿಡಿಸಿಕೊಂಡು ಊರಿಗೆ ಹೊರಟವು. ಅದನ್ನು ನೋಡಿದ ಸಂಕಟ ಇನ್ನೂ ಹೋಗಿಲ್ಲ.

ಇಲ್ಲಿ ನಮ್ಮಂಥ ಹೆಚ್ಚಿನವರ ವೀಸಾ ಕೆಲಸಕ್ಕೆ ಅಂಟಿಕೊಂಡಿರುತ್ತದೆ, ಕೆಲಸ ಹೋದರೆ ಇಲ್ಲಿರುವ ಅವಕಾಶಕ್ಕೂ ಕುತ್ತು. ಹಾಗಾಗಿ ಆರು ತಿಂಗಳ ಖರ್ಚಿನಷ್ಟು ಹಣ ಕೈಯಲ್ಲಿ ಉಳಿಯುವವರೆಗೆ ಕಾರು, ಕ್ರೆಡಿಟ್ ಕಾರ್ಡ್ ಸಾಲಕ್ಕೆ ಹೋಗಲೇಬೇಡಿ. ಆಫರ್ ಲೆಟರಿನಲ್ಲಿ ಒಟ್ಟು ಸಂಬಳ ಮಾತ್ರ ನೋಡಿ ಖುಷಿಪಡಬೇಡಿ, ಬೇಸಿಕ್ ಎಷ್ಟಿದೆ ನೋಡಿ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಲೆಕ್ಕ ಹಾಕುವುದು ಬೇಸಿಕ್ ಮೇಲೆ. ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಸಂಬಳ. ಅಲೋವೆನ್ಸ್ ಜಾಸ್ತಿ ಮಾಡಿ ಬೇಸಿಕ್ ಕಡಿಮೆ ತೋರಿಸುವವರು ಇದ್ದಾರೆ. ನಿಮ್ಮದರಲ್ಲಿ ಹೇಗಿದೆ ಅಂತ ಬರೆಯಿರಿ, ಸಹಿ ಹಾಕುವ ಮೊದಲು ಒಟ್ಟಿಗೆ ನೋಡೋಣ.