ಡಿಗ್ರಿ ಆದಮೇಲೆ ನಾಟಕ ಓದಬೇಕು ಅಂತಿದ್ದೇನೆ, ಅಪ್ಪ ಬೇಡ ಅಂತಾರೆ

ಪ್ರಶ್ನೆ: ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೇನೆ. ಕಾಲೇಜಿನ ನಾಟಕಗಳಲ್ಲಿ ಪಾತ್ರ ಮಾಡಿದ್ದೇನೆ. ಮುಂದೆ ವಿಶ್ವವಿದ್ಯಾಲಯದಲ್ಲಿ ನಾಟಕವನ್ನೇ ಓದುವ ಆಸೆ. ಅಪ್ಪನಿಗೆ ಬಿ.ಎಡ್. ಮಾಡಿಸುವ ಮನಸ್ಸು. ‘ನಾಟಕ ಮಾಡೋದು ಸರಿ, ಅದರಲ್ಲಿ ಓದೋಕೆ ಏನಿದೆ?’ ಅಂತ ಕೇಳುತ್ತಾರೆ. ನನಗೆ ಉತ್ತರ ಹೊಳೆಯಲಿಲ್ಲ. ಅಲ್ಲಿ ಏನು ಕಲಿಸುತ್ತಾರೆ, ಎಲ್ಲಿ ಸೇರಲಿ?
– ವಿದ್ಯಾರ್ಥಿನಿ, ತೀರ್ಥಹಳ್ಳಿ

ಉತ್ತರ: ತಂಗೀ, ನಿನ್ನಪ್ಪ ಕೇಳಿದ್ದು ಒಳ್ಳೆಯ ಪ್ರಶ್ನೆ. ಅದಕ್ಕೆ ಸಿದ್ಧಾಂತ ಹೇಳಬೇಡ, ಒಂದು ಮಾತು ತೋರಿಸು.

ಹೀಗೆ ಇಟ್ಟುಕೋ. ಬೆಂಗಳೂರಲ್ಲಿರುವ ಮಗ ರಾತ್ರಿ ಬಸ್ಸಿಗೆ ಊರಿಗೆ ಬಂದಿದ್ದಾನೆ. ತೋಟದಲ್ಲಿ ಪಾಲು ಕೇಳೋಕೆ ಬಂದಿದ್ದಾನೆ ಅಂತ ತಾಯಿಗೆ ಗೊತ್ತು. ಅವನು ಚೀಲ ಇಳಿಸುತ್ತಿದ್ದ ಹಾಗೇ ಅವಳು ‘ಊಟ ಆಯ್ತಾ?’ ಅನ್ನುತ್ತಾಳೆ. ಕಾಲೇಜು ನಾಟಕದಲ್ಲಿ ಇದನ್ನು ಎಲ್ಲರೂ ಒಂದೇ ಥರ ಹೇಳುತ್ತಾರೆ, ತಲೆ ವಾಲಿಸಿ, ಧ್ವನಿಯಲ್ಲಿ ವಾತ್ಸಲ್ಯ ಹಾಕಿ. ರಂಗಶಿಕ್ಷಣದ ತರಗತಿಯಲ್ಲಿ ಮೇಷ್ಟ್ರು ಮೊದಲು ಕೇಳುವುದು, ಈ ಮಾತಿನಿಂದ ಅವಳಿಗೆ ಆಗಬೇಕಾದ ಕೆಲಸ ಏನು ಅಂತ. ಪಾಲಿನ ವಿಷಯ ಅವನು ಎತ್ತದ ಹಾಗೆ ತಡೆಯಬೇಕೆ? ಹಾಗಾದರೆ ಅವಳು ಉತ್ತರಕ್ಕೆ ಕಾಯುವುದಿಲ್ಲ, ಅಡುಗೆಮನೆ ಕಡೆ ನಡೆಯುತ್ತಲೇ ಕೇಳುತ್ತಾಳೆ. ಸೊಸೆಗೆ ಕೇಳಿಸಬೇಕೆ? ಆಗ ಮುಖ ಮಗನ ಕಡೆ, ಧ್ವನಿ ಮಾತ್ರ ಒಳಕೋಣೆಗೆ. ಗಂಡ ಮನೆಗೆ ಬರುವವರೆಗೆ ಹುಡುಗನನ್ನು ಕೂರಿಸಿಕೊಳ್ಳಬೇಕೆ? ಆಗ ಅವನ ಎದುರಿಗೇ ನಿಲ್ಲುತ್ತಾಳೆ, ಪ್ರಾಯಶಃ ಚೀಲಕ್ಕೂ ಕೈ ಹಾಕುತ್ತಾಳೆ. ಇಡೀ ನಾಟಕದ ಪ್ರತಿ ಮಾತಿಗೂ, ಪ್ರತಿ ಮೌನಕ್ಕೂ ಹೀಗೆ ಕೇಳಿ, ಹುಡುಕಿ, ನಿಂತು ನೋಡಿ, ಕೂಡದಿದ್ದರೆ ಬಿಟ್ಟು ಮತ್ತೊಂದು ಹಿಡಿಯುವ ಕೆಲಸವೇ ನಾಟಕದ ಓದು. ರಷ್ಯಾದ ನಾಟಕ ನಿರ್ದೇಶಕ ಸ್ತಾನಿಸ್ಲಾವ್‌ಸ್ಕಿ ಇದನ್ನೊಂದು ಅಭ್ಯಾಸಕ್ರಮವಾಗಿಯೇ ಕಟ್ಟಿದ. ನಮ್ಮ ನಾಟ್ಯಶಾಸ್ತ್ರ ಅದಕ್ಕಿಂತ ಎಷ್ಟೋ ಶತಮಾನ ಮೊದಲೇ ಅಭಿನಯವನ್ನು ಆಂಗಿಕ (ಮೈ), ವಾಚಿಕ (ಮಾತು), ಆಹಾರ್ಯ (ವೇಷ), ಸಾತ್ವಿಕ (ಒಳಗಿನ ಭಾವ) ಅಂತ ನಾಲ್ಕಾಗಿ ಬಿಡಿಸಿಟ್ಟಿತು. ಎರಡನ್ನೂ ಓದುತ್ತೀಯ. ಓದಿದ್ದನ್ನು ಮಧ್ಯಾಹ್ನ ಮೈಯಲ್ಲಿ ಮಾಡಿ ನೋಡುತ್ತೀಯ.

ನನಗೆ ಈ ವಿಷಯದಲ್ಲಿ ಸಿಟ್ಟೂ ಇದೆ. ನಮ್ಮ ಡಿಗ್ರಿ ತರಗತಿಗಳಲ್ಲಿ ನಾಟಕವನ್ನೂ ಕಾದಂಬರಿಯ ಹಾಗೆ ಕೂತು ಓದಿಸಿ, ಹತ್ತು ಅಂಕಕ್ಕೆ ‘ಪಾತ್ರಚಿತ್ರಣ’ ಬರೆಸಿ ಮುಗಿಸುತ್ತಾರೆ. ಯಾರು ಎಲ್ಲಿ ನಿಂತಿದ್ದಾರೆ ಅಂತ ಒಬ್ಬ ಹುಡುಗನೂ ಕೇಳುವುದಿಲ್ಲ. ಮಕ್ಕಳ ತಪ್ಪಲ್ಲ, ಕೇಳಬಹುದು ಅಂತ ಅವರಿಗೆ ಯಾರೂ ಹೇಳಿಲ್ಲ.

ಅಭಿನಯದ ಜೊತೆಗೆ ಇರುವುದು ಇನ್ನೂ ಬೇಕಾದಷ್ಟು. ಧ್ವನಿ, ಚಲನೆ, ಸೆಟ್ಟು, ಲೈಟಿಂಗ್, ಮೇಕಪ್, ವಸ್ತ್ರ, ನಿರ್ದೇಶನ, ರಂಗದ ಚರಿತ್ರೆ. ಗ್ರೀಕರಿಂದ ಹಿಡಿದು, ಸಂಸ್ಕೃತ ನಾಟಕ, ಯಕ್ಷಗಾನ, 1884ರಲ್ಲಿ ಶುರುವಾದ ಗುಬ್ಬಿ ಕಂಪನಿ, ಆಮೇಲಿನ ಹವ್ಯಾಸಿ ರಂಗಭೂಮಿಯವರೆಗೆ. ನಾನು ಹೆಚ್ಚು ದುಡಿದದ್ದು ಬೆಳಕಿನಲ್ಲಿ, ಅದರದ್ದೇ ಒಂದು ಸಂಗತಿ ಹೇಳುತ್ತೇನೆ. ಹೊಸಬರು ಬೆಳಕಿನಿಂದ ಅರ್ಧ ಅಡಿ ಆಚೆ ನಿಂತು ಬಹಳ ಚೆನ್ನಾಗಿ ಅಭಿನಯಿಸುತ್ತಾರೆ, ಪ್ರೇಕ್ಷಕನಿಗೆ ಮುಖವೇ ಕಾಣುವುದಿಲ್ಲ. ಪಳಗಿದ ನಟ ಕೆಳಗೆ ನೋಡದೆ ಜಾಗ ಹಿಡಿಯುತ್ತಾನೆ. ಹ್ಯಾಲೊಜೆನ್ ಲೈಟಿನ ಬಿಸಿ ಕೆನ್ನೆಗೆ ತಾಗುತ್ತದಲ್ಲ, ಅದು ಎಲ್ಲಿ ಜೋರಾಗಿ ತಾಗುತ್ತದೋ ಅಲ್ಲಿ ನಿಲ್ಲುತ್ತಾನೆ. ಈಗಿನ ಎಲ್‌ಇಡಿಯಲ್ಲಿ ಆ ಬಿಸಿ ಸಿಗುವುದಿಲ್ಲ, ಕಣ್ಣಂಚಿನಲ್ಲಿ ದೀಪದ ಹೊಳಪನ್ನು ಅಂದಾಜು ಮಾಡಬೇಕು. ಇದನ್ನು ಯಾವ ಪುಸ್ತಕ ಓದಿದರೂ ಆಗಲಿಕ್ಕಿಲ್ಲ, ಒಂದು ವರ್ಷ ದಿನಾ ರಂಗದ ಮೇಲೆ ನಿಂತರೆ ಆಗುತ್ತದೆ.

ಎಲ್ಲಿ ಸೇರಬೇಕು ಅನ್ನುವುದಕ್ಕೆ ನನ್ನ ಅಭಿಪ್ರಾಯ ಖಚಿತವಾಗಿದೆ. ಮೊದಲು ಡಿಗ್ರಿ ಮುಗಿಸು. ಆಮೇಲೆ ನೇರವಾಗಿ ಎಂ.ಎ.ಗೆ ಹೋಗದೆ ಒಂದು ವರ್ಷ ವಸತಿ ಇರುವ ರಂಗಶಾಲೆಗೆ ಹೋಗು. ನಮ್ಮ ಜಿಲ್ಲೆಯಲ್ಲೇ, ಸಾಗರದ ಪಕ್ಕದ ಹೆಗ್ಗೋಡಿನಲ್ಲಿ ನೀನಾಸಂ ಇದೆ. 1949ರಲ್ಲಿ ಹುಟ್ಟಿದ ಸಂಘ. ಕೆ.ವಿ. ಸುಬ್ಬಣ್ಣನವರು ಅಲ್ಲಿ ರಂಗಶಿಕ್ಷಣ ಕೇಂದ್ರ ಶುರು ಮಾಡಿದ್ದು 1980ರಲ್ಲಿ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲೂ, ಸರ್ಕಾರದ ನಾಟಕ ಸಂಸ್ಥೆಯಾದ ಮೈಸೂರಿನ ರಂಗಾಯಣದಲ್ಲೂ ಒಂದು ವರ್ಷದ ಡಿಪ್ಲೊಮಾ ಉಂಟು. ಬೆಳಿಗ್ಗೆ ವ್ಯಾಯಾಮದಿಂದ ರಾತ್ರಿ ತಾಲೀಮಿನವರೆಗೆ ಅಲ್ಲಿ ಬೇರೆ ಯೋಚನೆಗೆ ಜಾಗವೇ ಇರುವುದಿಲ್ಲ. ನಿನಗೆ ಇದು ನಿಜವಾಗಿ ಬೇಕೋ ಬೇಡವೋ ಅನ್ನುವುದು ಆ ವರ್ಷದಲ್ಲಿ ನಿನಗೇ ಗೊತ್ತಾಗಿಬಿಡುತ್ತದೆ.

ಅದಾದ ಮೇಲೆ ಬೆಂಗಳೂರು ವಿಶ್ವವಿದ್ಯಾಲಯದ ಪ್ರದರ್ಶನ ಕಲೆಗಳ ವಿಭಾಗವನ್ನೋ, ಮೈಸೂರಿನ ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವನ್ನೋ ವಿಚಾರಿಸು. ವಿಶ್ವವಿದ್ಯಾಲಯದಲ್ಲಿ ಸಿಗುವುದು ಓದು, ಬರವಣಿಗೆ, ಸಂಶೋಧನೆಯ ದಾರಿ. ಒಂದು ವರ್ಷ ಮೈಕೈ ದಣಿದು ಹೋದವರಿಗೆ ಆ ಓದು ದಕ್ಕುತ್ತದೆ. ಏನೂ ಮಾಡದೆ ಹೋದವರು ನೋಟ್ಸ್ ಬರೆದುಕೊಂಡು ಬರುವುದನ್ನು ನಾನು ನೋಡಿದ್ದೇನೆ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ಮೂರು ವರ್ಷದ ಕೋರ್ಸಿನ ಮೇಲೆ ಕಣ್ಣಿದ್ದರಂತೂ ಈ ಅನುಭವ ಬೇಕೇಬೇಕು. ಅವರು ಪದವಿಯ ಜೊತೆಗೆ ನಾಟಕಗಳಲ್ಲಿ ಕೆಲಸ ಮಾಡಿದ ಅನುಭವವನ್ನೂ ಕೇಳುತ್ತಾರೆ.

ಈಗ, ಪರೀಕ್ಷೆಗೆ ಮೊದಲೇ ಒಂದು ಕೆಲಸ ಮಾಡು. ನಿಮ್ಮೂರಲ್ಲೋ ಶಿವಮೊಗ್ಗದಲ್ಲೋ ಯಾವುದಾದರೂ ತಂಡ ನಾಟಕ ಎತ್ತಿಕೊಂಡರೆ, ಪಾತ್ರ ಕೇಳದೆ ಮೊದಲ ರೀಡಿಂಗ್‌ನಿಂದ ಕೊನೆಗೆ ಸೆಟ್ಟು ಬಿಚ್ಚುವವರೆಗೆ ಹಿಂದೆ ನಿಂತು ದುಡಿ. ಪ್ರಾಪರ್ಟಿ, ಅಂದರೆ ದೃಶ್ಯಕ್ಕೆ ಬೇಕಾದ ಸಾಮಾನು ನೋಡಿಕೋ. ಎರಡನೇ ದೃಶ್ಯಕ್ಕೆ ಬೇಕಾದ ಕವಳದ ತಟ್ಟೆ ಸರಿಯಾದ ಬದಿಯ ರೆಕ್ಕೆಯಲ್ಲಿ (ರಂಗದ ಪಕ್ಕದ ಮರೆಯಲ್ಲಿ) ಇರುವ ಹಾಗೆ ನೋಡಿಕೊಳ್ಳುವುದರಲ್ಲಿ ಖುಷಿ ಸಿಕ್ಕಿತು ಅಂದರೆ ಅರ್ಜಿ ಹಾಕು. ಚಪ್ಪಾಳೆ ಮಾತ್ರ ಬೇಕು ಅನಿಸಿದರೆ ಬಿ.ಎಡ್. ಮಾಡಿ, ಸಂಜೆ ಹವ್ಯಾಸಿ ತಂಡದಲ್ಲಿ ಪಾತ್ರ ಮಾಡು, ಅದೂ ಗೌರವದ ದಾರಿಯೇ. ನೀನು ಹಿಂದೆ ನಿಂತು ದುಡಿದ ನಾಟಕಕ್ಕೆ ಅಪ್ಪನನ್ನು ಕರೆ. ರಂಗದ ಎದುರಿಗೆ ಕೂರಿಸಬೇಡ, ಹಿಂದೆ ಕರೆದುಕೊಂಡು ಹೋಗಿ ಹತ್ತು ನಿಮಿಷ ನಿಲ್ಲಿಸು.

ಪ್ರಶ್ನೆ: ಮಗ ಡಿಗ್ರಿ ಮುಗಿಸಿ ನಾಟಕದ ಡಿಪ್ಲೊಮಾ ಮಾಡುತ್ತೇನೆ ಅಂತ ಹಟ ಹಿಡಿದಿದ್ದಾನೆ. ಅಡಿಕೆ ತೋಟ ಒಂದು ಎಕರೆ ಮಾತ್ರ. ಇದರಿಂದ ಹೊಟ್ಟೆ ತುಂಬುತ್ತದೆಯೇ?
– ಒಬ್ಬ ತಂದೆ, ಹೊಸನಗರ

ಉತ್ತರ: ನಿಮಗೆ ಸುಳ್ಳು ಭರವಸೆ ಕೊಡಲಾರೆ ಸ್ವಾಮಿ. ತಿಂಗಳ ಸಂಬಳದ ಹುದ್ದೆಗಳು ಕಡಿಮೆ. ಮೈಸೂರು, ಧಾರವಾಡ, ಕಲಬುರಗಿ ಜೊತೆಗೆ ನಮ್ಮ ಶಿವಮೊಗ್ಗದಲ್ಲೂ ರಂಗಾಯಣ ಇದೆ, ಅಲ್ಲಿ ಕಲಾವಿದರಿಗೆ ಇರುವ ಜಾಗ ಬೆರಳೆಣಿಕೆಯಷ್ಟು. ನೀನಾಸಂ ತಿರುಗಾಟದಂಥ ರೆಪರ್ಟರಿ (ನಾಟಕ ತಂಡ) 1985ರಿಂದ ಊರೂರು ಸುತ್ತುತ್ತಿದೆ. ಅಲ್ಲಿ ಒಂದೆರಡು ವರ್ಷ ದುಡಿದವರು ಆಮೇಲೆ ಧಾರಾವಾಹಿ, ಸಿನಿಮಾ, ಶಾಲೆಗಳ ರಂಗಶಿಬಿರ, ತಮ್ಮದೇ ತಂಡ ಅಂತ ಬೇರೆಬೇರೆ ಕಡೆ ಹೋಗಿದ್ದಾರೆ. ಸರ್ಕಾರಿ ಪ್ರೌಢಶಾಲೆಗಳಲ್ಲಿ ನಾಟಕ ಶಿಕ್ಷಕರಿದ್ದಾರೆ, ನೇಮಕಾತಿ ಅಪರೂಪ. ಕಾಲೇಜಿನಲ್ಲಿ ಪಾಠ ಮಾಡಬೇಕಾದರೆ ಸ್ನಾತಕೋತ್ತರ ಪದವಿ ಮಾಡಿ ನೆಟ್ ಅನ್ನುವ ಅಧ್ಯಾಪಕರ ಅರ್ಹತಾ ಪರೀಕ್ಷೆ ಬರೆಯಬೇಕು, ಅದರಲ್ಲಿ ನಾಟಕ ಸೇರಿದ ಪ್ರದರ್ಶನ ಕಲೆಯ ವಿಷಯ ಉಂಟು.

ಹಾಗಾಗಿ ನನ್ನ ಸಲಹೆ ಇಷ್ಟು. ಒಂದು ವರ್ಷ ಕಳಿಸಿ, ಹಟ ಹಿಡಿದವನನ್ನು ತಡೆದರೆ ಮನೆಯಲ್ಲಿದ್ದೂ ಇಲ್ಲದವನಂತಾಗುತ್ತಾನೆ. ಆದರೆ ಹೋಗುವ ಮೊದಲೇ ಒಂದು ಮಾತು ಮಾಡಿಕೊಳ್ಳಿ, ಅಭಿನಯದ ಜೊತೆ ಇನ್ನೊಂದು ಕೆಲಸವನ್ನೂ ಗಟ್ಟಿಯಾಗಿ ಕಲಿತು ಬರಬೇಕು ಅಂತ. ಲೈಟಿಂಗ್, ಮೇಕಪ್, ಸೆಟ್ಟಿನ ಬಡಗಿ ಕೆಲಸ, ಯಾವುದಾದರೂ ಆಗಬಹುದು. ಲೈಟ್ ಗೊತ್ತಿರುವ ಹುಡುಗನನ್ನು ವಾರ್ಷಿಕೋತ್ಸವದ ಕಾಲದಲ್ಲಿ ನಾಲ್ಕು ಊರಿನವರು ಕರೆಯುತ್ತಾರೆ. ಅಡಿಕೆ ಕೊಯ್ಲಿಗೆ ಬಾ ಅಂತ ಮಾತ್ರ ಆ ವರ್ಷ ಕರೆಯಬೇಡಿ. ತಾಲೀಮಿನಿಂದ ಒಬ್ಬ ಹೋದರೆ ಇಡೀ ತಂಡ ನಿಲ್ಲುತ್ತದೆ.

ಪ್ರಶ್ನೆ: ನನಗೆ ಮಹಾಪ್ರಾಣ ಸರಿಯಾಗಿ ಬರುವುದಿಲ್ಲ, ‘ಭೂಮಿ’ ಅನ್ನೋದು ‘ಬೂಮಿ’ ಆಗುತ್ತೆ. ನಮ್ಮೂರ ಮಾತಿಗೆ ಕಾಲೇಜಿನಲ್ಲಿ ನಗುತ್ತಾರೆ. ರಂಗಶಾಲೆಯ ಸಂದರ್ಶನದಲ್ಲಿ ತೆಗೆದುಹಾಕುತ್ತಾರಾ?
– ವಿದ್ಯಾರ್ಥಿ, ಸೊರಬ

ಉತ್ತರ: ಇದೊಂದೇ ಕಾರಣಕ್ಕೆ ಬೇಡ ಅನ್ನುವ ಮೇಷ್ಟ್ರು ಮೇಷ್ಟ್ರೇ ಅಲ್ಲ. ನಗುವವರಿಗೆ ಹೆದರಿ ಊರ ಮಾತು ಬಿಡಬೇಡ, ಅದು ರಂಗದ ಮೇಲೆ ಬೇಕಾಗುತ್ತದೆ. ಜೊತೆಗೆ ಇನ್ನೊಂದು ಮಾತು ಕಲಿತುಕೋ.

ಕುಮಾರವ್ಯಾಸನನ್ನು ಜೋರಾಗಿ ಓದು. ಅವನ ಭಾಮಿನಿ ಷಟ್ಪದಿಯ ಮೊದಲೆರಡು ಸಾಲಿಗೆ 14 ಮಾತ್ರೆ, ಮೂರನೆಯದಕ್ಕೆ 23. ಮೂರನೇ ಸಾಲನ್ನು ನಡುವೆ ಉಸಿರು ಮುರಿಯದೆ, ಕೊನೆಯ ಅಕ್ಷರವೂ ಸ್ಪಷ್ಟವಾಗಿ ಕೇಳುವ ಹಾಗೆ ಮುಗಿಸಬೇಕು. ಮೊದಮೊದಲು ಕೊನೆಗೆ ಗಾಳಿ ಸಾಲುವುದಿಲ್ಲ, ಉಸಿರನ್ನು ಎದೆಯಿಂದಲ್ಲ ಹೊಟ್ಟೆಯಿಂದ ತೆಗೆದುಕೋ. ಮಹಾಪ್ರಾಣ ಬಂದಲ್ಲಿ ಅಂಗೈಯನ್ನು ಬಾಯೆದುರು ಹಿಡಿ, ಗಾಳಿ ತಾಗಿದರೆ ಅಕ್ಷರ ಸರಿ. ಶಿವಮೊಗ್ಗದ ಪಕ್ಕದಲ್ಲೇ ತುಂಗೆಯ ದಡದ ಹೊಸಹಳ್ಳಿ ಗಮಕಕ್ಕೆ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆಗೆ ಹೆಸರಾದ ಊರು. 2022ರಲ್ಲಿ ಪದ್ಮಶ್ರೀ ಪಡೆದ ಗಮಕಿ ಎಚ್.ಆರ್. ಕೇಶವಮೂರ್ತಿ ಅದೇ ಊರಿನವರು. ಎಲ್ಲಾದರೂ ಗಮಕ ವಾಚನ ಇದೆ ಅಂದರೆ ಮುಂದಿನ ಸಾಲಿನಲ್ಲಿ ಕೂತು, ವಾಚನಕಾರರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಅಂತ ಗಮನಿಸು.

ಸಂದರ್ಶನಕ್ಕೆ ಎರಡು ತುಣುಕು ತಯಾರು ಮಾಡಿಕೋ. ಒಂದು ಪದ್ಯ, ಒಂದು ನಿನ್ನೂರ ಮಾತಿನಲ್ಲೇ ಇರುವ ಗದ್ಯ. ಮಾಡಿ ಮುಗಿಸಿದ ಮೇಲೆ ಅವರು ‘ಇದನ್ನೇ ಸಿಟ್ಟಿಲ್ಲದೆ ಮಾಡು’, ‘ಕೂತು ಮಾಡು’ ಅಂತ ಏನಾದರೂ ಹೇಳಬಹುದು. ಆಗ ಮೊದಲು ಕಲಿತದ್ದಕ್ಕೇ ಅಂಟಿಕೊಳ್ಳಬೇಡ. ನಿನ್ನನ್ನು ಬಗ್ಗಿಸಿ ಕಲಿಸಬಹುದೋ ಇಲ್ಲವೋ ಅಂತ ಅವರು ನೋಡುವುದು ಆ ಎರಡನೇ ಸಲದಲ್ಲಿ.